ಮೂಳೆಯ ಹಿಡಿ: ಕೈಕೆಲಸದಿಂದ ಒಂದು ಪಾಠ



ಕ್ಷೌರದ ಕತ್ತಿ ನಮಗೆ ಹೊಸ ವಸ್ತುವಲ್ಲ. ಮಹದೇಶ್ವರ ಬೆಟ್ಟದಲ್ಲಿ ಮಕ್ಕಳ ಮುಡಿ ತೆಗೆಯುವಾಗ ನಮ್ಮಲ್ಲಿ ಬಹುಮಂದಿ ಅದನ್ನು ಕಂಡಿದ್ದೇವೆ. ಸಂಸ್ಕೃತದ 'ಕ್ಷುರ' ಎಂಬ ಶಬ್ದಕ್ಕೆ ಕ್ಷೌರದ ಕತ್ತಿ ಎಂದೇ ಅರ್ಥ. ಕ್ಷೌರ, ಕ್ಷೌರಿಕ ಎಂಬ ಮಾತುಗಳು ಅದರಿಂದಲೇ ಹುಟ್ಟಿದವು. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಅರ್ಧ ಬ್ಲೇಡನ್ನು ಸಿಕ್ಕಿಸಿ ಬಳಸುವ ಕತ್ತಿ. ಅದಕ್ಕೆ ಹಿಂದಿನದು, ಸಾಣೆಕಲ್ಲಿನ ಮೇಲೆ ಮಸೆದು ತೊಗಲಿನ ಪಟ್ಟಿಯ ಮೇಲೆ ತೀಡಿ ಹದಗೊಳಿಸುತ್ತಿದ್ದ ಅಪ್ಪಟ ಉಕ್ಕಿನ ಮಡಚುಕತ್ತಿ. ಅಮೆರಿಕದ ಜಿಲೆಟ್ ಎಂಬಾತನು ಎಸೆಯುವ ಬ್ಲೇಡಿಗೆ 1904ರಲ್ಲಿ ಹಕ್ಕುಪತ್ರ ಪಡೆದ ಮೇಲೆ ಈ ಮಡಚುಕತ್ತಿ ಮನೆಗಳಿಂದ ಮೆಲ್ಲಮೆಲ್ಲನೆ ಮರೆಯಾಯಿತು. ಆದರೂ ಹಳೆಯ ಪೆಟ್ಟಿಗೆಗಳ ತಳದಲ್ಲಿ ತಾತನ ಕಾಲದ ಕತ್ತಿಯೊಂದು ಇಂದಿಗೂ ಸಿಕ್ಕುವುದುಂಟು. ಅಲಗು ಗಟ್ಟಿಯಾಗಿಯೇ ಇರುತ್ತದೆ, ಹಿಡಿ ಮಾತ್ರ ಬಿರಿದು ಹೋಗಿರುತ್ತದೆ.

ಆ ಹಿಡಿಯನ್ನು ಮೂಳೆಯಿಂದ ಮತ್ತೆ ಮಾಡುವುದು ಹೇಗೆ ಎಂಬುದೇ ಈ ಪಾಠದ ವಿಷಯ. ಇಷ್ಟು ಸಣ್ಣ ಕೆಲಸಕ್ಕೆ ಒಂದು ಪಾಠ ಬೇಕೆ ಎಂದು ಕೆಲವರಿಗೆ ಅನಿಸಬಹುದು. 1937ರಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕವೇ ವಿದ್ಯೆ ಕಲಿಸಬೇಕೆಂಬ ವಿಚಾರವನ್ನು ನಾಡಿನ ಮುಂದಿಟ್ಟರು. ಒಂದು ಕಸುಬನ್ನು ಸರಿಯಾಗಿ ಕಲಿತರೆ ಗಣಿತ, ವಿಜ್ಞಾನ, ಸಮಾಜ ಮೂರೂ ಅದರ ಹಿಂದೆಯೇ ಬರುತ್ತವೆ. ಈ ಹಿಡಿಯ ಕೆಲಸದಲ್ಲಿಯೂ ಹಾಗೆಯೇ. ರಸಾಯನವಿದೆ, ರೇಖಾಗಣಿತವಿದೆ, ಕಾನೂನಿದೆ, ಆರೋಗ್ಯದ ವಿಚಾರವಿದೆ. ನಮ್ಮ ಕಾಡಂಚಿನ ಹಳ್ಳಿಗಳಿಗೆ ಬಹಳ ಹತ್ತಿರದ ಒಂದು ದುಃಖದ ಸಂಗತಿಯೂ ಇದೆ.

ಕತ್ತಿಯ ಅಂಗಗಳು

ಮೊದಲು ಕತ್ತಿಯ ರಚನೆಯನ್ನು ತಿಳಿಯೋಣ. ಉಕ್ಕಿನ ಭಾಗದಲ್ಲಿ ಮೂರು ಅಂಗಗಳಿವೆ. ಕೂದಲನ್ನು ಕೊಯ್ಯುವುದು ಅಲಗು. ಅಲಗಿನ ಹಿಂದೆ ದಪ್ಪನಾಗಿ ಮುಂದುವರಿಯುವುದು ಕುತ್ತಿಗೆ. ಅದರಲ್ಲಿ ಕೀಲಿನ ತೂತು ಇರುತ್ತದೆ. ತುದಿಯಲ್ಲಿ ಬೆರಳಿಗೆ ಆಸರೆಯಾಗಿ ಬಾಗಿರುವುದು ಬಾಲ. ಹಿಡಿ ಎಂಬುದು ಒಂದೇ ತುಂಡಲ್ಲ. ಅದು ಎರಡು ತೆಳುವಾದ ಪಟ್ಟಿಗಳ ಜೋಡಿ. ಈ ಪಟ್ಟಿಗಳು ಒಂದು ತುದಿಯಲ್ಲಿ ಕೀಲಿನಿಂದಲೂ ಇನ್ನೊಂದು ತುದಿಯಲ್ಲಿ ಬೆಣೆಯಿಂದಲೂ ಕೂಡಿಕೊಂಡಿರುತ್ತವೆ. ಕತ್ತಿಯನ್ನು ಮಡಚಿದಾಗ ಅಲಗು ಎರಡು ಪಟ್ಟಿಗಳ ನಡುವೆ ಅಡಗುತ್ತದೆ. ಆದ್ದರಿಂದ ಹಿಡಿಯು ಕೈಗೆ ಆಸರೆಯೂ ಹೌದು, ಅಲಗಿಗೆ ಒರೆಯೂ ಹೌದು.

ಅಲಗಿನ ಉಕ್ಕಿಗೂ ನಮ್ಮ ಸೀಮೆಗೂ ಹಳೆಯ ನಂಟಿದೆ. ನಮ್ಮ ಈರೋಡು ಜಿಲ್ಲೆಯ ಕೊಡುಮಣಲ್‌ನಲ್ಲಿ, ನೊಯ್ಯಲ್ ನದಿಯ ದಡದಲ್ಲಿ, 1980ರ ದಶಕದಿಂದ ನಡೆದ ಉತ್ಖನನಗಳಲ್ಲಿ ಪ್ರಾಚೀನ ಕಬ್ಬಿಣದ ಕುಲುಮೆಗಳ ಗುರುತುಗಳು ದೊರೆತಿವೆ. ದಕ್ಷಿಣ ಭಾರತದ ಮೂಸೆಯ ಉಕ್ಕನ್ನು ಆಂಗ್ಲರು 'ವೂಟ್ಜ್' ಎಂದು ಕರೆದರು. ಆ ಹೆಸರು 'ಉಕ್ಕು' ಎಂಬ ನಮ್ಮ ಮಾತಿನಿಂದ ಹೋದದ್ದೆಂದು ವಿದ್ವಾಂಸರು ಹೇಳುತ್ತಾರೆ. ಲಂಡನ್ನಿನಲ್ಲಿ ಕತ್ತಿ ತಯಾರಿಸುತ್ತಿದ್ದ ಜೇಮ್ಸ್ ಸ್ಟೊಡಾರ್ಟ್ ಎಂಬುವನೂ ವಿಜ್ಞಾನಿ ಮೈಕೇಲ್ ಫ್ಯಾರಡೆಯೂ ಕೂಡಿ ಈ ಉಕ್ಕಿನ ಗುಟ್ಟನ್ನು ಹುಡುಕಿದರು. ಅವರ ಪ್ರಬಂಧಗಳು 1820 ಮತ್ತು 1822ರಲ್ಲಿ ಪ್ರಕಟವಾದವು. ಆ ಪ್ರಯೋಗಗಳಲ್ಲಿ ಹುಟ್ಟಿದ ಉಕ್ಕಿನಿಂದ ಫ್ಯಾರಡೆ ಕ್ಷೌರದ ಕತ್ತಿಗಳನ್ನು ಮಾಡಿಸಿ ಸ್ನೇಹಿತರಿಗೆ ಕೊಟ್ಟನು. ವಿದ್ಯುಚ್ಛಕ್ತಿಯ ಪಾಠದಲ್ಲಿ ಬರುವ ಫ್ಯಾರಡೆಯೇ ಈತ.

ಮೂಳೆಯೇ ಏಕೆ?

ಹಿಂದೆ ಹಿಡಿಗೆ ಕೊಂಬು, ಮೂಳೆ, ದಂತ, ಆಮೆಯ ಚಿಪ್ಪು, ಮರ ಇವೆಲ್ಲವನ್ನೂ ಬಳಸುತ್ತಿದ್ದರು. ಇಂಗ್ಲೆಂಡಿನ ಷೆಫೀಲ್ಡ್ ನಗರ ಕತ್ತಿಚೂರಿಗಳಿಗೆ ಹೆಸರಾದದ್ದು. ಅಲ್ಲಿ ದನದ ಕಾಲುಮೂಳೆಯ ಹಿಡಿಗಳು ವಿಶೇಷವಾಗಿ ತಯಾರಾಗುತ್ತಿದ್ದವು. 1870ರ ದಶಕದ ತರುವಾಯ ಸೆಲ್ಯುಲಾಯ್ಡ್ ಎಂಬ ಕೃತಕ ವಸ್ತು ಬಂದಿತು. ಅದು ಅಗ್ಗ, ನೋಡಲು ದಂತದಂತೆ. ಆದರೆ ಹಳತಾದಂತೆ ಕೆಲವು ಸೆಲ್ಯುಲಾಯ್ಡ್ ಹಿಡಿಗಳು ಕೊಳೆತು ಆಮ್ಲದ ಆವಿಯನ್ನು ಬಿಡುತ್ತವೆ. ಆ ಆವಿಯಿಂದ ಅಲಗಿಗೇ ತುಕ್ಕು ಹಿಡಿಯುತ್ತದೆ. ಕಾಪಾಡಬೇಕಾದ ಒರೆಯೇ ಕತ್ತಿಯನ್ನು ತಿಂದಂತಾಯಿತು.

ಮೂಳೆಗೆ ಆ ದೋಷವಿಲ್ಲ. ಅದರ ಗುಣವನ್ನು ತಿಳಿಯಲು ಎರಡು ಪ್ರಯೋಗಗಳನ್ನು ಮಾಡಿ ನೋಡಬಹುದು. ಎರಡಕ್ಕೂ ಕೋಳಿಯ ಕಾಲಿನ ಮೂಳೆ ಸಾಕು.

ಮೊದಲನೆಯ ಪ್ರಯೋಗ: ಚೆನ್ನಾಗಿ ತೊಳೆದ ಮೂಳೆಯೊಂದನ್ನು ಗಾಜಿನ ಸೀಸೆಯಲ್ಲಿಟ್ಟು ಮುಳುಗುವಷ್ಟು ವಿನೆಗರ್ ಹುಯ್ಯಿರಿ. ಎರಡು ಮೂರು ದಿನಕ್ಕೊಮ್ಮೆ ವಿನೆಗರನ್ನು ಬದಲಿಸಿ. ಒಂದು ವಾರದ ಮೇಲೆ ತೆಗೆದು ನೋಡಿದರೆ ಮೂಳೆ ರಬ್ಬರಿನಂತೆ ಬಾಗುತ್ತದೆ. ವಿನೆಗರಿನಲ್ಲಿರುವ ಆಮ್ಲವು ಮೂಳೆಯ ಸುಣ್ಣದ ಅಂಶವನ್ನು, ಎಂದರೆ ಕ್ಯಾಲ್ಸಿಯಂ ಲವಣಗಳನ್ನು ಕರಗಿಸಿಬಿಟ್ಟಿದೆ. ಉಳಿದದ್ದು ಕೊಲಾಜೆನ್ ಎಂಬ ನಾರಿನ ಭಾಗ.

ಎರಡನೆಯ ಪ್ರಯೋಗ, ದೊಡ್ಡವರು ಎದುರಿಗಿರುವಾಗ ಬಯಲಿನಲ್ಲಿ ಮಾಡತಕ್ಕದ್ದು: ಇನ್ನೊಂದು ಮೂಳೆಯನ್ನು ನಿಗಿನಿಗಿ ಕೆಂಡದಲ್ಲಿ ಬಹಳ ಹೊತ್ತು ಸುಡಿ. ಅದು ಮೊದಲು ಕಪ್ಪಾಗಿ ಆಮೇಲೆ ಬೆಳ್ಳಗಾಗುತ್ತದೆ. ಆಕಾರ ಹಾಗೆಯೇ ಇರುತ್ತದೆ, ಆದರೆ ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ. ಇಲ್ಲಿ ನಾರು ಸುಟ್ಟುಹೋಗಿ ಖನಿಜ ಮಾತ್ರ ಉಳಿಯಿತು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮೂಳೆಯ ಗುಟ್ಟು ತಿಳಿಯುತ್ತದೆ. ಖನಿಜ ಗಡಸುತನವನ್ನು ಕೊಡುತ್ತದೆ, ನಾರು ಮುರಿಯದಂತೆ ಹಿಡಿದುಕೊಳ್ಳುತ್ತದೆ. ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖನಿಜ. ಉಳಿದದ್ದು ಬಹುಮಟ್ಟಿಗೆ ನಾರು ಮತ್ತು ನೀರು. ನಮ್ಮ ಹಿರಿಯರು ಗೋಡೆಯ ಮಣ್ಣಿಗೆ ಹುಲ್ಲು ಕಲಸಿ ತುಳಿಯುತ್ತಿದ್ದುದೂ ಇದೇ ತತ್ತ್ವದಿಂದ. ಬರಿಯ ಮಣ್ಣು ಬಿರಿಯುತ್ತದೆ, ಬರಿಯ ಹುಲ್ಲು ನಿಲ್ಲುವುದಿಲ್ಲ, ಎರಡೂ ಕೂಡಿದರೆ ಗೋಡೆ. ಇನ್ನು ಮುಂದೆ ಹೇಳುವ ಕೆಲಸದ ನಿಯಮಗಳೆಲ್ಲ ಈ ಒಂದೇ ಮಾತಿನಿಂದ ಹುಟ್ಟುತ್ತವೆ: ನಾರನ್ನೂ ಕೆಡಿಸಬಾರದು, ಖನಿಜವನ್ನೂ ಕೆಡಿಸಬಾರದು.

ಮೂಳೆಯನ್ನು ಎಲ್ಲಿಂದ ತರಬೇಕು?

ಮೊಣಕಾಲಿಗೂ ಗೊರಸಿಗೂ ನಡುವೆ ಇರುವ ನೀಳವಾದ ಕಾಲುಮೂಳೆಯೇ ಈ ಕೆಲಸಕ್ಕೆ ತಕ್ಕದ್ದು. ಅದು ನೇರವಾಗಿದೆ, ಗೋಡೆ ದಪ್ಪವಾಗಿದೆ, ಮೈ ಸಾಕಷ್ಟು ಚಪ್ಪಟೆಯಾಗಿದೆ. ಆಡು ಕುರಿಗಳ ಮೂಳೆ ಇದಕ್ಕೆ ತೆಳುವಾಗುತ್ತದೆ. ದೊಡ್ಡ ಎಮ್ಮೆ ಕೋಣಗಳ ಮೂಳೆಯಾದರೆ ಸುಮಾರು 15 ಸೆಂ.ಮೀ. ಉದ್ದದ ಪಟ್ಟಿ ದೊರೆಯುತ್ತದೆ. ಪರವಾನಗಿ ಪಡೆದ ಮಾಂಸದಂಗಡಿಯಲ್ಲಿ, ಪರೀಕ್ಷೆಯಾದ ಆರೋಗ್ಯವಂತ ಪ್ರಾಣಿಯ ಮೂಳೆಯನ್ನೇ ಕೇಳಿ ತರಬೇಕು.

ಹೊಲದಲ್ಲಿ, ಹಳ್ಳದಲ್ಲಿ ಬಿದ್ದ ಮೂಳೆಯನ್ನು ಎತ್ತಿ ತರಬಾರದು. ಇದಕ್ಕೆ ಕಾರಣವಿದೆ. ಅಂಥ್ರಾಕ್ಸ್ ಎಂಬ ನೆರಡಿ ರೋಗದಿಂದ ಸತ್ತ ದನದ ಮೂಳೆ, ತೊಗಲು, ಕೂದಲುಗಳಲ್ಲಿ ಆ ರೋಗದ ಬೀಜಾಣುಗಳು ಉಳಿದಿರುತ್ತವೆ. ಮಣ್ಣಿನಲ್ಲಿ ಅವು ಹತ್ತಾರು ವರ್ಷ ಬದುಕಬಲ್ಲವು. ಮೂಳೆಯನ್ನು ಗರಗಸದಿಂದ ಕೊಯ್ದರೆ ಆ ಪುಡಿ ನೇರವಾಗಿ ನಮ್ಮ ಉಸಿರಿಗೆ ಸೇರುತ್ತದೆ. ದನ ಹಠಾತ್ತಾಗಿ ಸತ್ತು ಮೂಗು ಬಾಯಿಗಳಿಂದ ಕಪ್ಪುರಕ್ತ ಒಸರಿದ್ದರೆ ಅದನ್ನು ಮುಟ್ಟದೆ, ಕೊಯ್ಯದೆ, ಪಶುವೈದ್ಯರಿಗೆ ತಿಳಿಸುವುದೇ ಸರಿ.

ಕಾಡಿನೊಳಗಿನದಂತೂ ಬೇಡವೇ ಬೇಡ. ನಮ್ಮ ಸುತ್ತಲಿನ ಸತ್ಯಮಂಗಲದ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಪ್ರಾಣಿ ತಾನಾಗಿಯೇ ಸತ್ತಿದ್ದರೂ ಅದರ ಕೊಂಬು, ಹಲ್ಲು, ಮೂಳೆಗಳು ಸರ್ಕಾರದ ಸ್ವತ್ತು. "ಬಿದ್ದಿತ್ತು, ಎತ್ತಿಕೊಂಡೆ" ಎಂಬ ಮಾತು ನಡೆಯುವುದಿಲ್ಲ. ದನ ಮೇಯಿಸಲು ಕಾಡಂಚಿಗೆ ಹೋಗುವ ಮಕ್ಕಳು ಇದನ್ನು ಮನಸ್ಸಿನಲ್ಲಿಡಬೇಕು. ಕಣ್ಣಿಗೆ ಬಿದ್ದರೆ ಅರಣ್ಯ ಸಿಬ್ಬಂದಿಗೆ ಹೇಳಿದರೆ ಸಾಕು.

ಮೂಳೆಯನ್ನು ಮುಟ್ಟುವುದು ತಮ್ಮ ಮನೆಯ ಆಚಾರಕ್ಕೆ ಒಗ್ಗದು ಎನ್ನುವ ಕುಟುಂಬಗಳೂ ನಮ್ಮಲ್ಲಿ ಬಹಳವಿವೆ. ಅವರು ಹುಣಸೆ ಮರದ ಚೇಗಿನಲ್ಲೋ ಹಲಸಿನ ಮರದಲ್ಲೋ ಇದೇ ಹಿಡಿಯನ್ನು ಮಾಡಬಹುದು. ಅಳತೆ, ಗೆರೆ, ಕೀಲಿನ ಕೆಲಸ ಎಲ್ಲವೂ ಒಂದೇ.

ಮೂಳೆಯನ್ನು ಹದ ಮಾಡುವುದು

ಮೊದಲು ಅಂಟಿಕೊಂಡ ಮಾಂಸ ನರಗಳನ್ನು ಕೆರೆದು ತೆಗೆಯಬೇಕು. ಎರಡು ಕೊನೆಯ ಗಂಟುಗಳನ್ನು ಗರಗಸದಿಂದ ಕೊಯ್ದು, ಒಳಗಿನ ಮಜ್ಜೆಯನ್ನು ಕಡ್ಡಿಯಿಂದ ನೂಕಿ ಹೊರತೆಗೆಯಬೇಕು. ಆಮೇಲೆ ಸ್ವಲ್ಪ ಸೋಪಿನ ಪುಡಿ ಬೆರೆಸಿದ ನೀರಿನಲ್ಲಿ ಸಣ್ಣ ಉರಿಯ ಮೇಲೆ ಕೆಲವು ಗಂಟೆ ಇಡಬೇಕು. ನೀರು ಹಬೆಯಾಡಬೇಕೇ ಹೊರತು ಕೊತಕೊತ ಕುದಿಯಬಾರದು. ಹೆಚ್ಚು ಹೊತ್ತು ಕುದಿಸಿದರೆ ಮೂಳೆಯ ನಾರು ಜೆಲಾಟಿನ್ ಆಗಿ ನೀರಿಗೆ ಇಳಿದುಬಿಡುತ್ತದೆ. ಕಾಲುಸೂಪು ತಣಿದಾಗ ಗಟ್ಟಿಯಾಗುವುದು ಈ ಜೆಲಾಟಿನ್‌ನಿಂದಲೇ. ಸೂಪಿಗೆ ಅದು ಒಳ್ಳೆಯದು, ಹಿಡಿಗೆ ಕೆಟ್ಟದ್ದು. ಆದ್ದರಿಂದ ಕುಕ್ಕರಿನಲ್ಲಿ ಬೇಯಿಸುವುದೂ ಸಲ್ಲದು. ಈ ಕೆಲಸದ ಪಾತ್ರೆಯನ್ನು ಅಡಿಗೆಗೆ ಬಳಸಬಾರದು.

ನೀರಿನ ಮೇಲೆ ತೇಲುವ ಜಿಡ್ಡನ್ನು ತೆಗೆದು, ಹೊಸ ಸೋಪುನೀರಿನಲ್ಲಿ ಮೂಳೆಯನ್ನು ಹಲವು ದಿನ ನೆನೆಯಿಡಬೇಕು. ನೀರನ್ನು ಆಗಾಗ ಬದಲಿಸುತ್ತ, ಮೇಲೆ ಜಿಡ್ಡಿನ ಪೊರೆ ಕಾಣದಾಗುವವರೆಗೂ ಇದನ್ನು ಮಾಡಬೇಕು. ಇಲ್ಲಿ ಆತುರಪಟ್ಟರೆ ಹಿಡಿ ಮುಗಿದು ತಿಂಗಳುಗಳ ಮೇಲೆ ಅಲ್ಲಲ್ಲಿ ಹಳದಿಯ ಕಲೆ ಏಳುತ್ತದೆ, ವಾಸನೆಯೂ ಬರುತ್ತದೆ.

ಬಿಳುಪು ಬೇಕಾದರೆ ಔಷಧದ ಅಂಗಡಿಯಲ್ಲಿ ಸಿಗುವ ನೂರಕ್ಕೆ 3ರ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣದಲ್ಲಿ ಒಂದೆರಡು ದಿನ ಇಡಬಹುದು. ಸೀಸೆಯ ಮುಚ್ಚಳವನ್ನು ಬಿಗಿಯಾಗಿ ಹಾಕಬಾರದು. ಅದರಿಂದ ಆಮ್ಲಜನಕ ಹೊರಡುತ್ತಿರುತ್ತದೆ. ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಬಳಸಬಾರದು. ಅದು ನಾರನ್ನೇ ತಿಂದು ಮೂಳೆಯನ್ನು ಸೀಮೆಸುಣ್ಣದಂತೆ ಮಾಡುತ್ತದೆ. ಕೊನೆಗೆ ಶುದ್ಧ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಎರಡು ಮೂರು ವಾರ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಮೇಲ್ಮೈ ಬೇಗ ಒಣಗಿ ಒಳಭಾಗ ಹಸಿಯಾಗಿ ಉಳಿಯುತ್ತದೆ. ಆಗ ಮೂಳೆ ಸೀಳುತ್ತದೆ.

ಕೊಯ್ಯುವುದು, ಮಟ್ಟ ಮಾಡುವುದು

ಮೂಳೆಯನ್ನು ಉದ್ದಕ್ಕೆ ಕೊಯ್ದು 4ರಿಂದ 5 ಮಿ.ಮೀ. ದಪ್ಪದ ಎರಡು ಪಟ್ಟಿಗಳನ್ನು ತೆಗೆಯಬೇಕು. ಮೂಳೆಯ ನಾರು ಉದ್ದಕ್ಕೆ ಹರಿದಿರುವುದರಿಂದ ಉದ್ದದ ಪಟ್ಟಿಯೇ ಗಟ್ಟಿ. ಕಬ್ಬಿಣ ಕೊಯ್ಯುವ ಸಣ್ಣ ಹಲ್ಲಿನ ಗರಗಸ ಇದಕ್ಕೆ ಸಾಕು. ಕೊಯ್ಯುವಾಗಲೂ ಉಜ್ಜುವಾಗಲೂ ಮೂಗು ಬಾಯಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಬೇಕು. ಮೂಳೆಯನ್ನು ನೀರಿನಿಂದ ತೇವಮಾಡುತ್ತಿದ್ದರೆ ಪುಡಿ ಹಾರುವುದಿಲ್ಲ. ಈ ಪುಡಿ ಪುಪ್ಪುಸಕ್ಕೆ ಒಳ್ಳೆಯದಲ್ಲ. ಕೆಲಸ ಮುಗಿದ ಮೇಲೆ ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಪಟ್ಟಿಯ ಒಳಮೈಯನ್ನು ಮೊದಲು ಮಟ್ಟ ಮಾಡಬೇಕು. ದಪ್ಪನೆಯ ಗಾಜಿನ ಮೇಲೆ ಉಪ್ಪುಕಾಗದವನ್ನು ಅಂಟಿಸಿ, ಪಟ್ಟಿಯನ್ನು ಅದರ ಮೇಲೆ ಉಜ್ಜಬೇಕು. ಎರಡು ಪಟ್ಟಿಗಳನ್ನು ಜೋಡಿಸಿ ಬೆಳಕಿಗೆ ಹಿಡಿದಾಗ ನಡುವೆ ಬೆಳಕು ಕಾಣದಿದ್ದರೆ ಮಟ್ಟವಾಯಿತೆಂದು ತಿಳಿಯಬಹುದು. ಬಳಿಕ ಎರಡೂ ಮೈಗೆ ಅಂಟುವ ಟೇಪಿನಿಂದ ಪಟ್ಟಿಗಳನ್ನು ಒಂದಕ್ಕೊಂದು ಕೂಡಿಸಬೇಕು. ಇನ್ನು ಮುಂದಿನ ಆಕಾರದ ಕೆಲಸವೆಲ್ಲ ಎರಡಕ್ಕೂ ಒಟ್ಟಿಗೆ. ಹೀಗೆ ಮಾಡಿದರೆ ಎರಡೂ ಅವಳಿ ಮಕ್ಕಳಂತೆ ಒಂದೇ ರೂಪಕ್ಕೆ ಬರುತ್ತವೆ.

ರೇಖಾಗಣಿತ ಎಲ್ಲಿದೆ?

ಆಕಾರವನ್ನು ಕಣ್ಣಳತೆಯಿಂದ ತೆಗೆಯಬಾರದು. ಮೊದಲು ದಪ್ಪ ಕಾಗದದ ಮೇಲೆ ನಕ್ಷೆ ಬರೆಯಬೇಕು. ಇಲ್ಲಿಯೇ ನಮ್ಮ ವೃತ್ತದ ಪಾಠ ಉಪಯೋಗಕ್ಕೆ ಬರುತ್ತದೆ. ಕತ್ತಿ ಕೀಲಿನ ಸುತ್ತ ತಿರುಗುತ್ತದೆ. ಹಾಗಾದರೆ ಕೀಲೇ ಕೇಂದ್ರ. ಅಲಗಿನ ಮೇಲಿನ ಪ್ರತಿಯೊಂದು ಬಿಂದುವೂ ಕೀಲಿನಿಂದ ತನಗಿರುವ ದೂರವನ್ನೇ ತ್ರಿಜ್ಯವಾಗಿ ಉಳ್ಳ ಒಂದೊಂದು ವೃತ್ತದ ಮೇಲೆ ಚಲಿಸುತ್ತದೆ. ತ್ರಿಜ್ಯ ಬದಲಾಗುವುದಿಲ್ಲ.

ಉದಾಹರಣೆಗೆ, ಕೀಲಿನ ತೂತಿನಿಂದ ಅಲಗಿನ ತುದಿಗೆ 12 ಸೆಂ.ಮೀ. ಇದೆ ಎಂದಿಟ್ಟುಕೊಳ್ಳೋಣ. ಕತ್ತಿ ಮಡಚಿಕೊಂಡಾಗ ಆ ತುದಿ ಕೀಲಿನಿಂದ 12 ಸೆಂ.ಮೀ. ದೂರದಲ್ಲಿಯೇ ಬಂದು ನಿಲ್ಲುತ್ತದೆ. ಆದುದರಿಂದ ಬೆಣೆಯ ಒಳ ಅಂಚು ಕೀಲಿನಿಂದ 12 ಸೆಂ.ಮೀ.ಗಿಂತ ಹೆಚ್ಚು ದೂರ ಇರಲೇಬೇಕು. ಕೆಲವು ಮಿ.ಮೀ. ಬಿಡುವು ಕೊಡುವುದು ಒಳ್ಳೆಯದು. ಇಲ್ಲವಾದರೆ ಮಡಚುವಾಗಲೆಲ್ಲ ಅಲಗಿನ ತುದಿ ಬೆಣೆಗೆ ಬಡಿದು ಮುಕ್ಕಾಗುತ್ತದೆ. ಕಾಗದದ ಮೇಲೆ ಕೈವಾರದಿಂದ ಈ ಕಂಸವನ್ನು ಎಳೆದು ನೋಡಿದರೆ ಬೆಣೆ ಎಲ್ಲಿ ಕೂರಬೇಕೆಂಬುದು ಕಣ್ಣಿಗೆ ಕಟ್ಟುತ್ತದೆ. ಹಾಗೆಯೇ ಮಡಚಿದಾಗ ಅಲಗಿನ ಬಾಯಿ ಹಿಡಿಯ ಅಂಚಿನಿಂದ 2 ಅಥವಾ 3 ಮಿ.ಮೀ. ಒಳಗೇ ಇರುವಂತೆ ಹಿಡಿಯ ಅಗಲವನ್ನು ನಿರ್ಧರಿಸಬೇಕು. ಅದಕ್ಕಿಂತ ಹೊರಗೆ ಬಂದರೆ ಬೆರಳು ಕೊಯ್ಯುತ್ತದೆ.

ನಕ್ಷೆ ಸರಿಯಾದ ಮೇಲೆ ಅದನ್ನು ಕತ್ತರಿಸಿ ಮೂಳೆಯ ಮೇಲಿಟ್ಟು ಗೆರೆ ಎಳೆಯಬೇಕು. ಗೆರೆಯವರೆಗೆ ಅರದಿಂದ ತೀಡಬೇಕು. ತೂತುಗಳನ್ನು ಹಾಕುವಾಗ ಕೆಳಗೆ ಮರದ ತುಂಡನ್ನು ಕೊಟ್ಟು, ಒತ್ತದೆ, ನಿಧಾನವಾಗಿ ಬೈರಿಗೆಯನ್ನು ತಿರುಗಿಸಬೇಕು. ಸಾಮಾನ್ಯವಾಗಿ ತೂತಿನ ವ್ಯಾಸ ಒಂದು ಅಂಗುಲದ 16ರಲ್ಲಿ ಒಂದು ಭಾಗ, ಎಂದರೆ ಸುಮಾರು 1.6 ಮಿ.ಮೀ. ಎರಡು ಪಟ್ಟಿಗಳನ್ನೂ ಒಟ್ಟಿಗೇ ಕೊರೆದರೆ ತೂತುಗಳು ಒಂದರ ಮೇಲೊಂದು ಸರಿಯಾಗಿ ಬರುತ್ತವೆ. ಕೊನೆಗೆ ಪಟ್ಟಿಗಳನ್ನು ಬಿಡಿಸಿ, ಹೊರಮೈಯನ್ನು ಉಜ್ಜಿ ದಪ್ಪವನ್ನು 2.5ರಿಂದ 3 ಮಿ.ಮೀ.ಗೆ ತರಬೇಕು. ಅಂಚುಗಳನ್ನು ದುಂಡಗೆ ಮಾಡಬೇಕು.

ಬೆಣೆ ಮತ್ತು ಕೀಲು

ಬೆಣೆ ಚಿಕ್ಕದು, ಆದರೆ ಹಿಡಿಯ ಬಾಳಿಕೆಯೆಲ್ಲ ಅದರಲ್ಲಿದೆ. ಹಳೆಯ ಕತ್ತಿಗಳಲ್ಲಿ ಸೀಸದ ಬೆಣೆ ಇರುತ್ತಿತ್ತು. ಸೀಸ ವಿಷವೆಂದು ತಿಳಿದಿರುವ ಈ ಕಾಲದಲ್ಲಿ ಮೂಳೆ, ಕೊಂಬು ಅಥವಾ ಹಿತ್ತಾಳೆಯ ಬೆಣೆಯೇ ಸರಿ. ಹಳೆಯ ಸೀಸದ ಬೆಣೆಯನ್ನು ಬಿಚ್ಚಿದವರು ಕೈ ತೊಳೆಯದೆ ಊಟ ಮಾಡಬಾರದು. ಬೆಣೆ ಹೊರ ತುದಿಯಲ್ಲಿ ದಪ್ಪ, ಒಳ ತುದಿಯಲ್ಲಿ ತೆಳು. ಕೀಲಿನ ಬಳಿ ಉಕ್ಕಿನ ಕುತ್ತಿಗೆ ಎಷ್ಟು ದಪ್ಪವಿದೆಯೋ ಅದಕ್ಕಿಂತ ಬೆಣೆ ತುಸು ತೆಳ್ಳಗಿರಬೇಕು. ಆಗ ಎರಡು ಪಟ್ಟಿಗಳೂ ಸ್ವಲ್ಪವೇ ಬಾಗಿ, ಕತ್ತಿಯ ಕುತ್ತಿಗೆಯನ್ನು ಎರಡು ಕಡೆಯಿಂದಲೂ ಒತ್ತಿ ಹಿಡಿಯುತ್ತವೆ. ಈ ಒತ್ತಡವೇ ಕತ್ತಿ ಸಡಿಲವಾಗಿ ತಾನಾಗಿ ತೆರೆದುಕೊಳ್ಳದಂತೆ ಕಾಯುವುದು. ಕೊಂಬಿನಷ್ಟು ಮೂಳೆ ಬಾಗುವುದಿಲ್ಲ. ಬಲವಂತ ಮಾಡಿದರೆ ಲಟಕ್ಕನೆ ಮುರಿಯುತ್ತದೆ. ಆದ್ದರಿಂದ ಬೆಣೆಯನ್ನು ಸ್ವಲ್ಪ ಸ್ವಲ್ಪವೇ ತೀಡಿ, ಮತ್ತೆ ಮತ್ತೆ ಜೋಡಿಸಿ ನೋಡಬೇಕು.

ಕೀಲಿಗೆ ಹಿತ್ತಾಳೆಯ ತಂತಿ ಒಳ್ಳೆಯದು. ಮೂಳೆಯ ಮೇಲೆ ನೇರವಾಗಿ ಸುತ್ತಿಗೆಯ ಪೆಟ್ಟು ಬೀಳದಂತೆ ಎರಡು ಕಡೆಯೂ ಪುಟ್ಟ ಹಿತ್ತಾಳೆಯ ವಾಷರುಗಳನ್ನು ಹಾಕಬೇಕು. ತಂತಿಯ ತುದಿ ವಾಷರಿನಿಂದ ಒಂದು ಮಿ.ಮೀ.ಗಿಂತ ಕಡಿಮೆ ಹೊರಗಿರುವಂತೆ ಅರದಿಂದ ತೀಡಿ, ಕಬ್ಬಿಣದ ದಿಮ್ಮಿಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಹಗುರವಾಗಿ ಬಡಿಯಬೇಕು. ಹತ್ತು ಬಲವಾದ ಪೆಟ್ಟುಗಳಿಗಿಂತ ನೂರು ಹಗುರವಾದ ಪೆಟ್ಟುಗಳು ಮೇಲು. ಬಲವಾಗಿ ಬಡಿದರೆ ತಂತಿ ನಡುವೆ ಡೊಂಕಾಗುತ್ತದೆ, ಇಲ್ಲವೇ ಮೂಳೆ ಸೀಳುತ್ತದೆ. ಮೊದಲು ಬೆಣೆಯ ತುದಿ, ಅನಂತರ ಕೀಲಿನ ತುದಿ.

ಈ ಹಂತದಲ್ಲಿ ಅಲಗಿನ ಬಾಯಿಗೆ ದಪ್ಪ ಟೇಪನ್ನು ಸುತ್ತಿರಲೇಬೇಕು. ವಿದ್ಯಾರ್ಥಿಗಳು ನಿಜವಾದ ಅಲಗನ್ನು ಮುಟ್ಟಕೂಡದು. ತಗಡಿನ ಅಥವಾ ಮರದ ಮಾದರಿ ಅಲಗನ್ನು ಇಟ್ಟುಕೊಂಡು ಹಿಡಿಯ ಕೆಲಸವನ್ನೆಲ್ಲ ಕಲಿಯಬಹುದು. ಅಲಗನ್ನು ಕೂಡಿಸುವ ಕೆಲಸ ದೊಡ್ಡವರದು.

ಮೆರುಗಿಗೆ 220, 400, 600, 1000 ಎಂಬ ಅಂಕಗಳ ಉಪ್ಪುಕಾಗದಗಳನ್ನು ಕ್ರಮವಾಗಿ ಬಳಸಬೇಕು. ಅಂಕ ಹೆಚ್ಚಿದಂತೆ ಕಣ ನುಣುಪು. ಈ ಕೆಲಸವನ್ನು ಪಟ್ಟಿಗಳನ್ನು ಜೋಡಿಸುವ ಮೊದಲೇ ಮುಗಿಸಿದರೆ ಅನುಕೂಲ. ಕೊನೆಗೆ ಒದ್ದೆ ಬಟ್ಟೆಯ ಮೇಲೆ ಸೀಮೆಸುಣ್ಣದ ನಯವಾದ ಪುಡಿ ಹಾಕಿ ಉಜ್ಜಿ, ಒಣಗಿದ ಮೇಲೆ ಜೇನುಮೇಣವನ್ನು ತೆಳುವಾಗಿ ಸವರಿದರೆ ಹಿಡಿ ಬೆಣ್ಣೆಯ ಬಣ್ಣದಿಂದ ಹೊಳೆಯುತ್ತದೆ.

ಚುಕ್ಕಿಗಳು ಹೇಳುವ ಕಥೆ

ಮೆರುಗು ಬಂದ ಮೂಳೆಯನ್ನು ಹತ್ತಿರದಿಂದ ನೋಡಿದರೆ ಸಣ್ಣ ಕಪ್ಪು ಚುಕ್ಕಿಗಳೂ ಗೀರುಗಳೂ ಕಾಣುತ್ತವೆ. ಬದುಕಿದ್ದಾಗ ಮೂಳೆಗೆ ರಕ್ತ ಹರಿಯುತ್ತಿದ್ದ ನಾಳಗಳ ಗುರುತುಗಳಿವು. ಇಂಗ್ಲೆಂಡಿನ ವೈದ್ಯ ಕ್ಲಾಪ್ಟನ್ ಹ್ಯಾವರ್ಸ್ 1691ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವುಗಳನ್ನು ವರ್ಣಿಸಿದ್ದರಿಂದ ಇವಕ್ಕೆ ಅವನ ಹೆಸರೇ ನಿಂತಿದೆ. ಆನೆಯ ದಂತದಲ್ಲಿ ಈ ಚುಕ್ಕಿಗಳಿರುವುದಿಲ್ಲ. ದಂತವನ್ನು ಅಡ್ಡಕ್ಕೆ ಕೊಯ್ದ ಮೈಯಲ್ಲಿ ಒಂದನ್ನೊಂದು ಹಾಯುವ ಗೆರೆಗಳ ಬಲೆ ಕಾಣುತ್ತದೆ. ಮೂಳೆಯೋ ದಂತವೋ ಎಂದು ತಿಳಿಯಲು ಇದೊಂದು ಒಳ್ಳೆಯ ಗುರುತು.

ಈ ಗುರುತಿಗೆ ಬೆಲೆ ಬಂದದ್ದು ಕಾನೂನಿನಿಂದ. ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆಮರದ ಬಾಗಿಲಿನಲ್ಲಿ ದಂತದ ಕೆತ್ತನೆಯನ್ನು ಕೂಡಿಸಿರುವುದನ್ನು ಪ್ರವಾಸ ಹೋದವರು ನೋಡಿರಬಹುದು. 1986ರ ತಿದ್ದುಪಡಿಯಿಂದ ನಮ್ಮ ದೇಶದ ಆನೆಯ ದಂತದ ವ್ಯಾಪಾರವೂ 1991ರ ತಿದ್ದುಪಡಿಯಿಂದ ಆಫ್ರಿಕದ ದಂತದ ವ್ಯಾಪಾರವೂ ನಿಂತುಹೋದವು. ಮೈಸೂರಿನ ಕುಶಲಕರ್ಮಿಗಳು ದಂತದ ಬದಲು ಪ್ಲಾಸ್ಟಿಕ್ಕನ್ನು ಹಿಡಿದರು. ಲಕ್ನೋದ ದಂತದ ಕೆತ್ತನೆಗಾರರು ಮೂಳೆಗೆ ಬಂದರು. ಕೈಚಳಕ ಉಳಿಯಿತು, ಆನೆಯೂ ಉಳಿಯಲು ಸಾಧ್ಯವಾಯಿತು. 'ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ' ಎಂಬುದು ನಮ್ಮ ಗಾದೆ. ಸತ್ತ ಆನೆಯ ಸಾವಿರವನ್ನು ಕಾನೂನು ಅಳಿಸಿತು. ಇರುವ ಆನೆಯ ಬೆಲೆ ಮಾತ್ರ ಉಳಿಯಿತು.

ರಣಹದ್ದುಗಳ ಮಾತು

ಮೂಳೆಯ ಕಸುಬಿಗೆ ಹಿಂದೆ ಒಬ್ಬ ಕೂಲಿಯಿಲ್ಲದ ಆಳು ಇದ್ದ. ಅವನೇ ರಣಹದ್ದು. ಊರಾಚೆ ಹಾಕಿದ ಸತ್ತ ದನವನ್ನು ರಣಹದ್ದುಗಳ ಹಿಂಡು ಕೆಲವೇ ಗಂಟೆಗಳಲ್ಲಿ ತಿಂದು ಮೂಳೆಯನ್ನು ಮಾತ್ರ ಬಿಡುತ್ತಿತ್ತು. ಮೂಳೆ ಆಯುವವರು ಅದನ್ನು ಕೂಡಿಹಾಕಿ ಗೊಬ್ಬರಕ್ಕೆ, ಜೆಲಾಟಿನ್ ಕಾರ್ಖಾನೆಗೆ ಮಾರುತ್ತಿದ್ದರು. 1990ರ ದಶಕದಲ್ಲಿ ಈ ಹಕ್ಕಿಗಳು ಸಾಮೂಹಿಕವಾಗಿ ಸಾಯತೊಡಗಿದವು. ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ 1992ರಿಂದ 2007ರೊಳಗೆ ನೂರಕ್ಕೆ 99ಕ್ಕೂ ಮಿಕ್ಕಿ ಕುಸಿಯಿತು. ಕಾರಣ ತಿಳಿದದ್ದು 2004ರಲ್ಲಿ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ ಸತ್ತ ದನದ ದೇಹದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸುತ್ತಿತ್ತು. 2006ರಲ್ಲಿ ಪಶುಗಳಿಗೆ ಈ ಔಷಧವನ್ನು ನಿಷೇಧಿಸಲಾಯಿತು. ಇದೇ ಬಗೆಯ ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್‌ಗಳನ್ನು 2023ರಲ್ಲಿ ನಿಷೇಧಿಸಲಾಯಿತು.

ದಕ್ಷಿಣ ಭಾರತದಲ್ಲಿ ಉಳಿದಿರುವ ರಣಹದ್ದುಗಳ ಮುಖ್ಯ ನೆಲೆಗಳಲ್ಲಿ ಮೊಯಾರ್ ನದಿಯ ಕಣಿವೆ ಒಂದು. ಅದು ನಮ್ಮ ನೆರೆಯದೇ. ಗೆಟ್ಟವಾಡಿಯ ಹಸುವಿಗೆ ಯಾವ ಸೂಜಿಮದ್ದು ಹಾಕಿಸುತ್ತೇವೆ ಎಂಬುದಕ್ಕೂ ಆ ಹಕ್ಕಿಗಳ ಉಳಿವಿಗೂ ಸಂಬಂಧವಿದೆ. ದನಕ್ಕೆ ನೋವಿನ ಮದ್ದು ಬೇಕಾದಾಗ ಅಂಗಡಿಯಿಂದ ತಾವೇ ತಂದು ಹಾಕದೆ ಪಶುವೈದ್ಯರನ್ನು ಕೇಳಬೇಕೆಂದು ಹೆತ್ತವರಲ್ಲಿ ವಿನಂತಿ. ಮೆಲೋಕ್ಸಿಕಾಮ್ ಎಂಬ ಔಷಧ ರಣಹದ್ದಿಗೆ ಅಪಾಯವಿಲ್ಲದ್ದೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ.

ಹಿಡಿಯ ಮಿತಿ

ಇಷ್ಟು ಶ್ರಮಪಟ್ಟು ಮಾಡಿದ ಕತ್ತಿಯನ್ನು ಕ್ಷೌರದ ಅಂಗಡಿಯಲ್ಲಿ ಬಳಸಬಹುದೇ? ಬಳಸಬಾರದು. ಎಚ್.ಐ.ವಿ., ಹೆಪಟೈಟಿಸ್ 'ಬಿ' ಮತ್ತು 'ಸಿ' ರೋಗಾಣುಗಳು ರಕ್ತದಿಂದ ಹರಡುತ್ತವೆ. ಕಣ್ಣಿಗೆ ಕಾಣದ ಸಣ್ಣ ಗಾಯವೂ ಅದಕ್ಕೆ ಸಾಕು. ಮೂಳೆಯಲ್ಲಿ ಸೂಕ್ಷ್ಮ ರಂಧ್ರಗಳಿವೆಯೆಂದು ಆ ಚುಕ್ಕಿಗಳೇ ಹೇಳಿದವು. ಅದನ್ನು ಮತ್ತೆ ಮತ್ತೆ ಕುದಿಸಿ ಶುದ್ಧಮಾಡೋಣವೆಂದರೆ ನಾರು ಹೋಗಿ ಹಿಡಿ ಬಿರಿಯುತ್ತದೆ. ಆದ್ದರಿಂದ ಮೂಳೆಯ ಹಿಡಿಯ ಕತ್ತಿ ಒಬ್ಬರಿಗೆ ಮಾತ್ರ. ಅಂಗಡಿಯಲ್ಲಾಗಲಿ, ಮುಡಿ ತೆಗೆಯುವ ಕಡೆಯಲ್ಲಾಗಲಿ ಪ್ರತಿಯೊಬ್ಬರಿಗೂ ಹೊಸ ಬ್ಲೇಡನ್ನೇ ಹಾಕಿಸಿಕೊಳ್ಳಬೇಕು. ಕೇಳಲು ಸಂಕೋಚಪಡಬಾರದು. ನಾವು ಕೇಳುವುದರಿಂದ ಕ್ಷೌರಿಕರಿಗೆ ಅವಮಾನವಾಗುವುದಿಲ್ಲ. ಅವರಿಗೂ ಅದರಿಂದ ರಕ್ಷಣೆಯೇ.

ಒಡೆಯರು ಈ ಹಿಡಿಯನ್ನು ನೀರಿನಲ್ಲಿ ನೆನೆಯಿಡದೆ, ಬಳಸಿದ ಕೂಡಲೆ ಒರೆಸಿ, ಬಿಸಿಲು ತಾಕದಂತೆ ಇಟ್ಟು, ಆಗಾಗ ಮೇಣ ಸವರಿದರೆ ಅದು ತಲೆಮಾರು ದಾಟಿ ಬಾಳುತ್ತದೆ.

ನಮ್ಮ ಮಾತಿನ 'ಎಲುಬು', ತಮಿಳಿನ 'ಎಲುಂಬು' ಎರಡೂ ಒಂದೇ ಬೇರಿನಿಂದ ಬಂದವು. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಇದು ಸುಲಭವಾಗಿ ತಿಳಿಯುತ್ತದೆ. 12ನೆಯ ಶತಮಾನದ ಶರಣರು ಯಾವ ಕಾಯಕವೂ ಕೀಳಲ್ಲವೆಂದು ಸಾರಿದರು. ಕತ್ತಿ ಹಿಡಿಯುವವರನ್ನೂ ಮೂಳೆ ಆಯುವವರನ್ನೂ ಕೀಳಾಗಿ ನೋಡಿದ ಸಮಾಜ, ಅವರ ಕಸುಬಿನಲ್ಲಿದ್ದ ಜ್ಞಾನವನ್ನೂ ಕಳೆದುಕೊಂಡಿತು. ವಿದ್ಯಾರ್ಥಿಗಳು ಒಂದು ಕೆಲಸವನ್ನು ಗೌರವಿಸಿ ಅದರ ಒಳಗಿನ ಕಾರಣಗಳನ್ನು ಹುಡುಕಿದರೆ ಆ ಜ್ಞಾನ ಮರಳಿ ನಮ್ಮದಾಗುತ್ತದೆ.

ಅಭ್ಯಾಸ

1. ಮೂಳೆಯನ್ನು ವಿನೆಗರಿನಲ್ಲಿಟ್ಟಾಗ ಬಾಗುತ್ತದೆ, ಸುಟ್ಟಾಗ ಪುಡಿಯಾಗುತ್ತದೆ. ಏಕೆ?
2. ಮೂಳೆಯನ್ನು ಬಹಳ ಹೊತ್ತು ಕುದಿಸಬಾರದೇಕೆ?
3. ಕೀಲಿನಿಂದ ಅಲಗಿನ ತುದಿಗೆ 11.5 ಸೆಂ.ಮೀ. ಇದೆ. ಬೆಣೆಗೆ 4 ಮಿ.ಮೀ. ಬಿಡುವು ಬೇಕು. ಬೆಣೆಯ ಒಳ ಅಂಚು ಕೀಲಿನಿಂದ ಎಷ್ಟು ದೂರ ಇರಬೇಕು? ಕೈವಾರದಿಂದ ನಕ್ಷೆ ಬರೆಯಿರಿ.
4. ಮೂಳೆಗೂ ದಂತಕ್ಕೂ ಇರುವ ವ್ಯತ್ಯಾಸವನ್ನು ಹೇಗೆ ಗುರುತಿಸುವಿರಿ?
5. ನಿಮ್ಮ ಊರಿನ ಹಿರಿಯರನ್ನು ಕೇಳಿ: ಅವರ ಬಾಲ್ಯದಲ್ಲಿ ಸತ್ತ ದನಗಳ ಬಳಿ ರಣಹದ್ದುಗಳು ಬರುತ್ತಿದ್ದವೇ? ಎಂದಿನಿಂದ ಕಾಣದಾದವು? ಅವರು ಹೇಳಿದ್ದನ್ನು ಒಂದು ಪುಟದಷ್ಟು ಬರೆದು ತನ್ನಿ.